ಜೂನ್ 1ರ ಅಕ್ಕೋರು

ಜೂನ್ 1 ಬಂತೆಂದರೆ ನಮ್ಮೂರಿನ ವಾಟ್ಸ್ಯಾಪ್ ಗುಂಪಿಗೆ ಉಸಿರು ಬಿಡಲೂ ಪುರುಸೊತ್ತಿಲ್ಲ. ಕೇಕು, ಗುಲಾಬಿ, ದೀಪ ಹಿಡಿದ ಗಣಪತಿ ಎಲ್ಲ ಒಂದರ ಮೇಲೊಂದು ಬೀಳುತ್ತವೆ. ಐವತ್ತು ದಾಟಿದ ಅರ್ಧ ಊರಿಗೆ ಅಂದು ಹುಟ್ಟುಹಬ್ಬ. ಹೊರಗಿನವರು ನೋಡಿದರೆ ನಮ್ಮೂರ ತಾಯಂದಿರೆಲ್ಲ ಮಾತಾಡಿಕೊಂಡು ಹೆತ್ತಿರಬೇಕು ಎಂದುಕೊಂಡಾರು. ಹೆತ್ತವರು ತಾಯಂದಿರೇ, ತಾರೀಕು ಕೊಟ್ಟವರು ಮಾತ್ರ ಅಕ್ಕೋರು.

ನಮ್ಮ ಉತ್ತರ ಕನ್ನಡದ ಕಡೆ ಶಾಲೆಯಲ್ಲಿ ಕಲಿಸುವವರು ಗಂಡಸಾದರೆ ಮಾಸ್ತರು, ಹೆಂಗಸಾದರೆ ಅಕ್ಕೋರು. ನಮ್ಮ ಅಕ್ಕೋರಿಗೊಂದು ಹೆಸರೂ ಇತ್ತು, ಆದರೆ ಅದನ್ನು ಬಳಸುತ್ತಿದ್ದದ್ದು ಸಂಬಳದ ಪಟ್ಟಿಯೊಂದೇ. ಶಾಲೆಗೆ ಸೇರಿಸಲು ಕರೆತಂದ ಹುಡುಗನ ವಯಸ್ಸು ಕೇಳಿದರೆ ಅಪ್ಪಂದಿರು, 'ದೊಡ್ಡ ಮಳೆ ಬಂದು ಸಂಕ ತೇಲಿಹೋಯಿತಲ್ಲ, ಅದರ ಮರುವರ್ಷ' ಎನ್ನುತ್ತಿದ್ದರು. ಅಕ್ಕೋರು ಹುಡುಗನ ಬಲಗೈಯನ್ನು ನೆತ್ತಿಯ ಮೇಲಿಂದ ದಾಟಿಸಿ ಎಡಗಿವಿ ಮುಟ್ಟಿಸಿ ನೋಡುವರು. ಮುಟ್ಟಿದರೆ ಆರು ವರ್ಷ ತುಂಬಿತು. ಶಾಲೆ ಶುರುವಾಗುವ ಜೂನ್ 1ರಿಂದ ಆರು ವರ್ಷ ಹಿಂದಕ್ಕೆ ಎಣಿಸಿದರೆ ಜನ್ಮದಿನಾಂಕ ತಯಾರು. ನಮ್ಮೂರೊಂದೇ ಅಲ್ಲ, ಇಡೀ ನಾಡಿನ ಒಂದು ತಲೆಮಾರು ಹೀಗೆಯೇ ಹುಟ್ಟಿದ್ದು. ಕಿವಿ ದೊಡ್ಡದಿದ್ದ ಕೆಲವರು ಒಂದು ವರ್ಷ ಮೊದಲೇ ಹುಟ್ಟಿದ್ದೂ ಉಂಟು.

ಅವರದು ಏಕೋಪಾಧ್ಯಾಯ ಶಾಲೆ. ಒಂದು ಕೋಣೆ, ನಾಲ್ಕು ಇಯತ್ತೆ, ಒಬ್ಬರು ಅಕ್ಕೋರು. ಒಂದನೆಯವರು ಕಾಗುಣಿತ ಕೂಗುವಾಗಲೇ ನಾಲ್ಕನೆಯವರು ಭಾಗಾಕಾರ ಮಾಡಬೇಕು. ಗೋಡೆಯ ಕಪ್ಪುಹಲಗೆ ಬೆಳ್ಳಗಾದರೆ ತೊಂಡೆಸೊಪ್ಪು ಮತ್ತು ಇದ್ದಿಲು ಅರೆದು ತಿಕ್ಕಬೇಕು. ಈ ಅರೆಯುವ ಕೆಲಸಕ್ಕೆ ಅಕ್ಕೋರು ಯಾರನ್ನು ಕರೆಯುತ್ತಾರೆ ಎಂಬುದರಲ್ಲಿ ಒಂದು ಗುಟ್ಟಿತ್ತು. ಅದು ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು.

ನಾನಾಗ ಮೂರನೇ ಇಯತ್ತೆ. ನಾಲ್ಕು ದಿನ ಶಾಲೆಗೆ ಹೋಗಿರಲಿಲ್ಲ. ಪಾಟಿಚೀಲ ಹೆಗಲಿಗೇರಿಸಿ ಮನೆ ಬಿಡುವುದು, ತೋಟದಲ್ಲಿ ಅಡಗಿ ಕೂತು ಸಂಜೆ ಸಮಯಕ್ಕೆ ಸರಿಯಾಗಿ ಮರಳುವುದು. ಅದು 1981ರ ಫೆಬ್ರವರಿ, ಜನಗಣತಿಯ ಕಾಲ. ಐದನೆಯ ದಿನ ರವಿವಾರ, ಅಕ್ಕೋರು ದೊಡ್ಡ ಹಾಳೆಗಳ ಕಟ್ಟು ಹಿಡಿದು ನಮ್ಮ ಜಗಲಿಗೆ ಬಂದರು. ನಾನು ಅಟ್ಟ ಹತ್ತಿದೆ. ಅಪ್ಪ ಒಬ್ಬೊಬ್ಬರ ಹೆಸರು ಹೇಳುತ್ತ ಹೋದರು. ಬರೆದು ಮುಗಿಸಿದ ಅಕ್ಕೋರು ಅಟ್ಟಕ್ಕೆ ಕೇಳುವಷ್ಟು ಗಟ್ಟಿಯಾಗಿ, 'ನಿಮ್ಮ ಮಾಣಿ ಕಾಣ್ತಾ ಇಲ್ಲ. ಬರೀಲೋ ಬಿಡ್ಲೋ? ಬಿಟ್ರೆ ಭಾರತದ ಲೆಕ್ಕದಲ್ಲಿ ಒಬ್ಬ ಕಡಿಮೆ ಆಗ್ತಾನೆ' ಎಂದರು. ದೇಶಕ್ಕೆ ಅಂಥ ನಷ್ಟ ಮಾಡುವ ಧೈರ್ಯ ನನಗಿರಲಿಲ್ಲ. ಇಳಿದುಬಂದೆ. ಶಾಲೆಗೆ ಯಾಕೆ ಬರಲಿಲ್ಲ ಎಂದು ಅವರು ಕೇಳಲೇ ಇಲ್ಲ.

ಮರುದಿನ ತೊಂಡೆಸೊಪ್ಪು ಅರೆಯಲು ನನ್ನ ಸರದಿ. ಅಕ್ಕೋರು ಪಕ್ಕದಲ್ಲಿ ಹಾಜರಿ ಪುಸ್ತಕ ತಿದ್ದುತ್ತ ಕೂತಿದ್ದರು, ನನ್ನ ಮುಖವನ್ನೂ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, 'ಎಂತಾ ಆತೋ ತಮಾ?' ಎಂದರು. ಹದಿಮೂರರ ಮಗ್ಗಿ ಬರುವುದಿಲ್ಲ ಎಂದೆ. ಇನ್ನಷ್ಟು ಅರೆದೆ. ಮನೆಯಲ್ಲಿ ಹಿಸೆ ಆಗುತ್ತಿದೆ ಎಂದೆ. ಮತ್ತೂ ಅರೆದ ಮೇಲೆ, ದೊಡ್ಡಪ್ಪನ ಪಾಲಿಗೆ ಹೋಗುತ್ತೇನೋ ಅಪ್ಪನ ಪಾಲಿಗೋ ಗೊತ್ತಿಲ್ಲ ಎಂದು ಅತ್ತುಬಿಟ್ಟೆ. ಹಂಡೆ, ಎಮ್ಮೆ, ಗದ್ದೆ ಎಲ್ಲವನ್ನೂ ಆಚೆಗೊಂದು ಈಚೆಗೊಂದು ಎಂದು ಹಂಚುವುದನ್ನು ಕಂಡವನಿಗೆ ಬೇರೆ ಏನು ತೋಚೀತು? ಅಕ್ಕೋರು ನಗಲಿಲ್ಲ. 'ಹಿಸೆ ಆಗೋದು ತೋಟ, ಪಾತ್ರೆ. ಹುಡುಗ್ರನ್ನ ಹಿಸೆ ಮಾಡೋ ಕಾನೂನು ಸರಕಾರದಲ್ಲಿ ಇಲ್ಲ. ಹದಿಮೂರು ಐದ್ಲೆ ಎಷ್ಟು?' ಎಂದರು. ಅರವತ್ತೈದು ಎಂದೆ. ಅಲ್ಲಿಗೆ ಮುಗಿಯಿತು. ಹದಿನೇಳರ ಮಗ್ಗಿ ಈಗಲೂ ಸರಿಯಾಗಿ ಬರುವುದಿಲ್ಲ, ಅದು ಬೇರೆ ಮಾತು.

1987ರಲ್ಲಿ 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಎಂಬ ಯೋಜನೆ ಬಂತು. ನಮ್ಮ ಹಲಗೆಯನ್ನು ಹುಬ್ಬಳ್ಳಿಗೆ ಒಯ್ದು ಆಪರೇಷನ್ ಮಾಡಿಸುತ್ತಾರೆ ಎಂದು ಊರಲ್ಲಿ ಕೆಲವರು ತಿಳಿದಿದ್ದರು. ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು ಇರಬೇಕೆಂಬುದು ಅದರ ಲೆಕ್ಕ. ತಡವಾಗಿಯಾದರೂ ಕೋಣೆ ಬಂತು, ಜೊತೆಗೊಬ್ಬ ಮಾಸ್ತರೂ ಬಂದರು. ಹಲಗೆಗೆ ಪೇಂಟೂ ಆಯಿತು. ಆದರೂ ಅಕ್ಕೋರು ಬೇಲಿಯ ತೊಂಡೆಬಳ್ಳಿ ಕೀಳಿಸಲಿಲ್ಲ. ಹೊಸ ಮಾಸ್ತರು ಕೇಳಿದ್ದಕ್ಕೆ, 'ಹಲಗೆಗೆ ಬೇಡ, ಹುಡುಗ್ರಿಗೆ ಬೇಕು' ಎಂದರಂತೆ.

1921ರಲ್ಲಿ ರಾಧಾಕೃಷ್ಣನ್ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ಸ್ಟೇಷನ್ನಿನವರೆಗೆ ಎಳೆದರು ಎಂದು ಪ್ರತಿ ಸೆಪ್ಟೆಂಬರ್ 5ಕ್ಕೆ ಭಾಷಣ ಕೇಳುತ್ತೇವೆ. ನಮ್ಮ ಅಕ್ಕೋರಿಗೂ ಹೆಚ್ಚುಕಡಿಮೆ ಅಂಥದೇ ಭಾಗ್ಯ ಒದಗಿತು. ಅವರ ಮಾಸ್ತರೂ ಅವರಿಗೆ ಜೂನ್ 1 ಎಂದೇ ಬರೆದಿದ್ದರು. ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಗೇ ನಿವೃತ್ತರಾಗಬೇಕು. ಹಾಗಾಗಿ 38 ವರ್ಷದ ನೌಕರಿ ಮುಗಿದದ್ದು 2006ರ ಮೇ 31ಕ್ಕೆ. ತಾಲ್ಲೂಕಿನಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಪಡೆದು ಬರುವಾಗ ಏರಿನಲ್ಲಿ ಬಸ್ಸು ನಿಂತುಹೋಯಿತು. ಇಳಿದು ನೂಕಿದವರಲ್ಲಿ ಅರ್ಧ ಮಂದಿ ಅವರ ಶಿಷ್ಯರು. ಹಾರ ಹಾಕಿಕೊಂಡೇ ನೂಕಿದ ಹೆಂಗಸು ಅವರೊಬ್ಬರೇ. ಎರಡು ವರ್ಷ ಕಳೆದು ನಿವೃತ್ತಿಯ ವಯಸ್ಸು 58ರಿಂದ 60ಕ್ಕೆ ಏರಿದಾಗ ಊರವರೆಲ್ಲ ಅಯ್ಯೋ ಎಂದರು. ಅಕ್ಕೋರು ಮಾತ್ರ, 'ನಾಲ್ಕು ಜನಗಣತಿ ಮಾಡಿದ್ದು ಸಾಕು' ಎಂದರು.

ನಿವೃತ್ತಿಯ ಮೇಲೆ ತೊಂಡೆಸೊಪ್ಪಿನ ಜಾಗಕ್ಕೆ ಅಡಿಕೆ ಬಂತು. ಸುಗ್ಗಿಯ ರಾತ್ರಿಗಳಲ್ಲಿ ಅವರ ಅಂಗಳದಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಗಳ ಸಾಲು. ಸಾಲದಲ್ಲಿ ಬಿದ್ದವರು, ಎಸ್ಸೆಸ್ಸೆಲ್ಸಿ ನಪಾಸಾದವರು, ಸೊಸೆಯೊಡನೆ ಮಾತುಬಿಟ್ಟ ಅತ್ತೆ, ಎಲ್ಲರೂ 'ಸುಮ್ನೆ ಬಂದೆ' ಎಂದೇ ಬರುತ್ತಿದ್ದರು. ಸುಮ್ಮನೆ ಬಂದವರಿಗೂ ಒಂದು ಕತ್ತಿ, ಒಂದು ಬುಟ್ಟಿ ಅಡಿಕೆ ಸಿಗುತ್ತಿತ್ತು. ಕೈ ಬಿಡುವಿಲ್ಲದ ಮನುಷ್ಯನಿಗೆ ಬಾಯಿಯ ಮೇಲೆ ಕಾವಲು ಕಡಿಮೆ. ಒಮ್ಮೆ ಬೇಸಗೆಯಲ್ಲಿ ಬೆಂಗಳೂರಿನ ಒಂದು ಜೋಡಿ ಬೇರೆಯಾಗುವ ವಿಚಾರದಲ್ಲಿ ಬಂದಿತ್ತು. ಅಡಿಕೆಯ ಕಾಲವಲ್ಲ. ಹಲಸಿನ ಹಪ್ಪಳ ಒತ್ತಲು ಕೂಡಿಸಿದರು. ಎರಡು ದಿನ ಅವಳು ಒತ್ತಿದಳು, ಅವನು ಬಿಸಿಲಿಗೆ ಹರವಿದ. ಆಮೇಲೇನಾಯಿತು ಎಂದು ಆಸೆಯಿಂದ ಕೇಳಿದೆ. 'ಬೇರೆ ಆದ್ರು. ಜಗಳ ಇಲ್ದೆ ಆದ್ರು. ಹಪ್ಪಳ ಮಾತ್ರ ಲಾಯ್ಕಿತ್ತು' ಎಂದರು ಅಕ್ಕೋರು.

ಎಲ್ಲ ನೋವೂ ಅಡಿಕೆ ಸುಲಿದರೆ ಇಳಿಯುತ್ತದೆ ಎಂಬ ಭ್ರಮೆ ಅವರಿಗಿರಲಿಲ್ಲ. ರಾತ್ರಿಯೆಲ್ಲ ನಿದ್ದೆಯಿಲ್ಲದೆ ತನ್ನಷ್ಟಕ್ಕೆ ಮಾತಾಡುತ್ತಿದ್ದ ಹುಡುಗಿಯೊಬ್ಬಳನ್ನು ಕಂಡ ದಿನವೇ, ತಾಯತ ಕಟ್ಟಿಸಲು ಹೊರಟವರನ್ನು ತಡೆದು, ತಾವೇ ಬಸ್ಸಿನಲ್ಲಿ ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದೊಯ್ದರು. ನಮ್ಮ ಕಡೆ 'ಧಾರವಾಡಕ್ಕೆ ಕಳಿಸಬೇಕು' ಎಂಬುದು ಹಳೆಯ ಕುಹಕ. ಅದನ್ನು ಅವರೆದುರು ಆಡಿದವರು ಐವತ್ತರ ವಯಸ್ಸಿನಲ್ಲೂ ಕಿವಿ ಹಿಂಡಿಸಿಕೊಂಡರು.

ಮಗಳ ಶಾಲೆಯಲ್ಲಿ ಆಪ್ತಸಮಾಲೋಚಕಿ ಎಂಬವರಿದ್ದಾರೆ, ಅವರಿಗೇ ಬೇರೆ ಕೋಣೆ, ಮೆತ್ತನೆಯ ಕುರ್ಚಿ ಎಂದು ನಾನೊಮ್ಮೆ ಅಕ್ಕೋರಿಗೆ ವರ್ಣಿಸಿದೆ. ಗಮನವಿಟ್ಟು ಕೇಳಿದರು. 'ಕೈಗೆ ಎಂತಾ ಕೊಡ್ತಾರೆ?' ಎಂದರು. ಟಿಶ್ಯೂ ಕಾಗದ ಎಂದೆ. ಸ್ವಲ್ಪ ಯೋಚಿಸಿ, 'ಅದೂ ಆಗ್ತದೆ' ಎಂದರು.

ಅಡಿಕೆ ಸುಗ್ಗಿಯ ನಡುವೆಯೇ ಅಕ್ಕೋರು ಹೋದರು. ಅಂದು ಅಂಗಳದಲ್ಲಿ ಅಡಿಕೆ ಗೊನೆಗಳು ಹಾಗೆಯೇ ರಾಶಿ ಬಿದ್ದಿದ್ದವು. ಏನು ಮಾತಾಡಬೇಕೆಂದು ತಿಳಿಯದೆ ಕೂತಿದ್ದ ನಮ್ಮಲ್ಲಿ ಯಾರೋ ಒಬ್ಬರು ಮೆಟ್ಟುಗತ್ತಿ ಎಳೆದುಕೊಂಡರು. ಆಮೇಲೆ ಇನ್ನೊಬ್ಬರು. ಬೆಳಗಾಗುವಷ್ಟರಲ್ಲಿ ಇಡೀ ರಾಶಿ ಸುಲಿದು ಮುಗಿದಿತ್ತು.

ನಾನೂ ಜೂನ್ 1ರವನೇ. ಅಮ್ಮ ಹೇಳುವ ಪ್ರಕಾರ ನಾನು ಹುಟ್ಟಿದ್ದು ದೀಪಾವಳಿಯ ಬೂರೆಹಬ್ಬದ ರಾತ್ರಿ. ಆಧಾರ್ ಕಾರ್ಡಿನಲ್ಲಿ ತಿದ್ದಿಸಬಹುದಂತೆ. ತಿದ್ದಿಸಿಲ್ಲ.