ತೊಟ್ಟಿಯ ತಳದ ಕ್ಯಾಟ್‌ಫಿಶ್: ಅನ್ನಾಭಿಮುಖ ಚಲನಶೀಲತೆಯ ಒಂದು ತಾತ್ವಿಕ ಪೂರ್ವಪೀಠಿಕೆ

1. ಪ್ರಾಕ್ಕಲ್ಪನೆ, ವ್ಯಾಪ್ತಿ ಮತ್ತು ಮಿತಿ

ಗಡಿನಾಡಿನ ಶಿರಿಯ ಹೊಳೆಬದಿಯ ಮನೆಯೊಂದರ ಜಗಲಿಯಲ್ಲಿ ಪ್ರತಿಷ್ಠಾಪಿತವಾದ ಗಾಜಿನ ತೊಟ್ಟಿಯನ್ನು ‘ಜಲೀಯ ಪಠ್ಯ’ವೆಂದು ಪರಿಭಾವಿಸಿ, ಅದರ ತಳದಲ್ಲಿ ಬಿಡುವಿಲ್ಲದೆ ಓಡಾಡುವ ಕೋರಿಡೋರಾಸ್ ಕ್ಯಾಟ್‌ಫಿಶ್‌ಗಳ ಅನ್ನಾಭಿಮುಖ ಚಲನಶೀಲತೆಯನ್ನು ತಳಕೇಂದ್ರಿತ ನೆಲೆಯಲ್ಲಿ ನಿರ್ವಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿರುತ್ತದೆ. ಅಂದರೆ, ಮೀನಿಗೆ ಹಸಿವಾಗಿದೆ. ಆದರೆ ಹಾಗೆಂದು ಬರೆದರೆ ವಿಚಾರಸಂಕಿರಣದಲ್ಲಿ ಪ್ರಮಾಣಪತ್ರ ಕೊಡುವುದಿಲ್ಲ.

ಮಿತಿಗಳು: ಮೀನುಗಳಿಗೆ ಪ್ರಶ್ನಾವಳಿಯೊಂದನ್ನು ಒದಗಿಸಲಾಗಿತ್ತು. ಅವು ಅದನ್ನು ಮೀಸೆಯಿಂದ ತಡವಿ, ತಿನ್ನುವಂಥದ್ದಲ್ಲವೆಂದು ಮನಗಂಡು ಬಿಟ್ಟುಬಿಟ್ಟವು. ಗಡಿನಾಡಿನ ಅಸ್ಮಿತೆಯನ್ನು ಅಳೆಯಲು ನಮ್ಮಲ್ಲಿಗೆ ಬರುವ ಪ್ರಶ್ನಾವಳಿಗಳಿಗೂ ಬಹುತೇಕ ಇದೇ ಗತಿ.

2. ಪೂರ್ವಸೂರಿಗಳು

ಮೀನಿಗೆ ಕಿವಿ ಕೇಳುವುದಿಲ್ಲವೆಂದು ಓಟೋ ಕೋರ್ನರ್ ಎಂಬ ಜರ್ಮನಿಯ ಕಿವಿವೈದ್ಯರು ಪಟ್ಟು ಹಿಡಿದಿದ್ದ ಕಾಲ. ಪ್ರಾಣಿವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ ಕಣ್ಣಿಲ್ಲದ ಒಂದು ಸಣ್ಣ ಕ್ಯಾಟ್‌ಫಿಶ್ ಸಾಕಿ, ಊಟ ಕೊಡುವಾಗಲೆಲ್ಲ ಸೀಟಿ ಊದಿದರು. ಕೆಲ ದಿನಗಳಲ್ಲೇ ಅದು ಬರಿಯ ಸೀಟಿಗೆ ಅಡಗುದಾಣದಿಂದ ಹೊರಬರತೊಡಗಿತು. ಕೋರ್ನರ್ ಕಣ್ಣಾರೆ ಕಂಡು ಒಪ್ಪಿಕೊಂಡರು. 1923ರಲ್ಲಿ ಫ್ರಿಶ್ ಪ್ರಕಟಿಸಿದ ಲೇಖನದ ಹೆಸರು, ಸೀಟಿ ಹೊಡೆದರೆ ಬರುವ ಕ್ಯಾಟ್‌ಫಿಶ್ ಎಂದು, ಅಷ್ಟೇ. ನಮ್ಮ ಮಾರ್ಗದರ್ಶಕರ ಕೈಗೆ ಸಿಕ್ಕಿದ್ದರೆ ಅದು ‘ಶ್ರವಣೋದ್ದೀಪಿತ ಭೋಜನಪ್ರತ್ಯಾಶೆ: ಸೈದ್ಧಾಂತಿಕ ಸವಾಲುಗಳು’ ಎಂದಾಗುತ್ತಿತ್ತು, ಮೀನು ಅಷ್ಟರಲ್ಲಿ ಸತ್ತಿರುತ್ತಿತ್ತು. ಅದೇ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು.

3. ವರ್ಗೀಕರಣ

ಭೋಕ್ತೃಗಳನ್ನು ನಾಲ್ಕಾಗಿ ವಿಂಗಡಿಸಬಹುದು.

(ಅ) ಮೇಲ್‌ಸ್ತರೀಯ ಭೋಕ್ತೃ: ಗಪ್ಪಿ ಮುಂತಾದವು. ನೀರಿಗೆ ಬಿದ್ದ ತೇಲುವ ಆಹಾರ ಇವಕ್ಕೆ ಮೊದಲು. ವಿಚಾರಸಂಕಿರಣದ ಮುಂದಿನ ಸಾಲಿಗೆ ಬರುವ ಉಪ್ಪಿಟ್ಟಿನಲ್ಲಿ ಗೇರುಬೀಜ ಇರುವ ಹಾಗೆ.

(ಆ) ಮಧ್ಯಸ್ತರೀಯ ಭೋಕ್ತೃ: ಬಾರ್ಬ್, ಟೆಟ್ರಾ ಇತ್ಯಾದಿ. ಸಂಘಟಕರು.

(ಇ) ತಳಸ್ತರೀಯ ಭೋಕ್ತೃ: ನಮ್ಮ ಕ್ಯಾಟ್‌ಫಿಶ್. ಪಾತ್ರೆ ಬರುವಾಗ ಸೌಟು ಮಾತ್ರ ಉಳಿದಿರುತ್ತದೆ.

(ಈ) ಕಾಂಗೋ ನದಿಯಲ್ಲೊಂದು ಕ್ಯಾಟ್‌ಫಿಶ್ ಇದೆ, ಹೊಟ್ಟೆ ಮೇಲಾಗಿ ಈಜುತ್ತದೆ, ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ತಿನ್ನುತ್ತದೆ. ಇದು ತಳಸ್ತರೀಯವೋ ಮೇಲ್‌ಸ್ತರೀಯವೋ... ಹೋಗಲಿ, ವರ್ಗೀಕರಣ ಇಲ್ಲಿಗೆ ಸಾಕು.

4. ‘ಉಳಿದದ್ದು’ ಎಂಬ ಪರಿಕಲ್ಪನೆಯ ಜ್ಞಾನಮೀಮಾಂಸೆ

“ಇದು ಕ್ಲೀನಿಂಗ್ ಮೀನು ಸಾರ್, ಇದಕ್ಕೆ ಬೇರೆ ಫುಡ್ ಬೇಡ, ಉಳಿದದ್ದು ತಿಂದುಕೊಂಡು ಇರ್ತದೆ.” ಮೀನಿನ ಅಂಗಡಿಗಳಲ್ಲಿ ಈ ಮಾತು ಕೇಳದವರಿಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ. ಅದು ಬೇರೆ ಮೀನುಗಳ ಹೇಲು ತಿನ್ನುವುದಿಲ್ಲ ಮಾರಾಯರೇ! ಮರಳಲ್ಲಿ ಮೂತಿ ಹುಗಿಸಿ ಅದು ಹುಡುಕುವುದು ಹುಳುವನ್ನು, ನಿಜವಾದ ಊಟವನ್ನು. ಕ್ಯಾಟ್‌ಫಿಶ್‌ಗೆ ರುಚಿ ತಿಳಿಯುವುದು ಬಾಯಿಂದ ಮಾತ್ರವಲ್ಲ. ಮೀಸೆಯಲ್ಲಿ, ತುಟಿಯಲ್ಲಿ, ಮೈಯ ಚರ್ಮದಲ್ಲೂ ರುಚಿಮೊಗ್ಗುಗಳಿರುತ್ತವೆ. ಮೈಯೆಲ್ಲ ನಾಲಗೆಯಾಗಿರುವ ಜೀವಿಯನ್ನು ಜಾಡಮಾಲಿ ಕೆಲಸಕ್ಕೆಂದು ಕೊಂಡು ತಂದು ಉಪವಾಸ ಕೆಡಹುವುದು, ಕೊನೆಗೆ ಅದು ಸತ್ತಾಗ “ಕೋಲ್ಡ್ ಆದದ್ದಿರಬೇಕು” ಎನ್ನುವುದು!

ಬೇಕಾದದ್ದು ಇಷ್ಟೇ. ಮುಳುಗುವ ಮಾತ್ರೆ ಹಾಕಿ. ರಾತ್ರಿ ದೀಪ ಆರಿಸಿದ ಮೇಲೆ ಹಾಕಿದರೆ ಮೇಲಿನವರ ಬಾಯಿಂದ ತಪ್ಪಿಸಿಕೊಂಡು ಅದು ತಳ ಸೇರುತ್ತದೆ. ಚೂಪು ಜಲ್ಲಿ ಬೇಡ, ಮೀಸೆ ಸವೆಯುತ್ತದೆ, ನುಣುಪು ಮರಳಿರಲಿ. ಒಂಟಿಯಾಗಿ ಸಾಕಬೇಡಿ, ಅದು ಗುಂಪಿನ ಮೀನು. ಒಮ್ಮೊಮ್ಮೆ ಬಾಣದ ಹಾಗೆ ಮೇಲೆ ಹೋಗಿ ಗಾಳಿ ನುಂಗಿ ಬರುತ್ತದೆ, ಹೆದರಬೇಡಿ, ಕರುಳಿನಿಂದಲೂ ಉಸಿರಾಡಬಲ್ಲ ಮೀನದು. ಎಲ್ಲವೂ ಮತ್ತೆ ಮತ್ತೆ ಹಾಗೆ ಹೋಗತೊಡಗಿದರೆ ಮಾತ್ರ ಕೆಟ್ಟದ್ದು ನೀರು ಎಂದು ತಿಳಿಯಿರಿ. ಔಷಧಿಗೆ ಓಡುವ ಮೊದಲು ಸ್ವಲ್ಪ ನೀರು ಬದಲಿಸಿ.

5. ಪ್ರಾದೇಶಿಕ ಸಂದರ್ಭ

ದಕ್ಷಿಣ ಅಮೆರಿಕದ ಮೀನನ್ನು ಗಾಜಿನೊಳಗಿಟ್ಟು ಚಲನಶೀಲತೆ ಅಳೆಯುವ ಈ ಪ್ರಬಂಧಕಾರನ ಊರಿನ ಕ್ಯಾಟ್‌ಫಿಶ್ ಮುಗುಡು ನಿಜಕ್ಕೂ ನಡೆಯುತ್ತಿತ್ತು. ಕಿವಿರಿನ ಮೇಲೆ ಗಾಳಿಯುಸಿರಿಗೆಂದೇ ಬೇರೆ ಅಂಗವಿರುವ ಮೀನದು. ಮೊದಲ ಮಳೆಗೆ ತೋಡು ಉಕ್ಕಿದಾಗ ಕಟ್ಟಪುಣಿ ಹತ್ತಿ, ಎದೆಯ ಮುಳ್ಳೂರಿ ತೆವಳುತ್ತ ಗದ್ದೆಯಿಂದ ಗದ್ದೆಗೆ ಹೋಗುತ್ತಿತ್ತು. ಈಗ ಬೈಲಿಗೆ ಕೆಂಪು ಮಣ್ಣು ತುಂಬಿಸಿ ಮನೆ ಕಟ್ಟಿದ್ದೇವೆ, ಅದರ ಜಗಲಿಯಲ್ಲಿ ತೊಟ್ಟಿ ಇಟ್ಟಿದ್ದೇವೆ. ಯಾವ ಗದ್ದೆಗೆ ಹೋದೀತು?

ಶಿರಿಯ ಹೊಳೆ ಮೇಲುಗಡೆ ಎಣ್ಮಕಜೆಯ ಗುಡ್ಡಗಳ ಮಗ್ಗುಲಿನಿಂದ ಇಳಿದು ಬರುತ್ತದೆ. ಆ ಕಡೆಯ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಮೀನಿಗೆ ಅದರಷ್ಟು ಕ್ರೂರ ವಿಷ ಕಡಿಮೆ. ತೋಡಿನಿಂದ ಅದು ಮನುಷ್ಯರ ತನಕ ಬಂತು. ಆಮೇಲೆ ಬಂದವು ಸಮಿತಿಗಳು. ಕೇಂದ್ರ ನೇಮಿಸಿದ ಒಂದು ಸಮಿತಿಗೆ ಅಲ್ಲಿನ ಪದ್ರೆ ಊರಿನ ಹಾಸಿಗೆ ಹಿಡಿದ ಮಕ್ಕಳಿಗೂ ಆ ವಿಷಕ್ಕೂ ಸಂಬಂಧ ಕಾಣಲಿಲ್ಲ. ಪ್ರಾಕ್ಕಲ್ಪನೆ, ವ್ಯಾಪ್ತಿ, ಮಿತಿ ಎಲ್ಲ ಅಂಥ ವರದಿಗಳಲ್ಲೂ ಇರುತ್ತದೆ. ಕೋರ್ನರ್‌ಗೆ ಒಂದು ಸೀಟಿ ಸಾಕಾಗಿತ್ತು. ಇಲ್ಲಿ ವರ್ಷಗಟ್ಟಲೆ ಕೂಗಿದ ಮೇಲೆ ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ.

ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ಕೋರ್ಟು 2017ರ ಜನವರಿಯಲ್ಲಿ ಹೇಳಿತು. ಐದು ವರ್ಷ ಕಳೆದು, 2022ರ ಮೇ ತಿಂಗಳಲ್ಲಿ ಕೋರ್ಟು ಲೆಕ್ಕ ಕೇಳಿದಾಗ, 3704 ಮಂದಿಯಲ್ಲಿ ಹಣ ಮುಟ್ಟಿದ್ದು ಎಂಟು ಮಂದಿಗೆ.