ಬೇಲಿ ತಂತಿಯಲ್ಲಿ ವೀಣೆ ನುಡಿಸೋದು ನಾನಲ್ಲ

ಆಲೂರು ತಾಲ್ಲೂಕು, ಕುಂದೂರು ಹೋಬಳಿ, ಒಂದು ರೊಬಸ್ಟ ಕಾಫಿ ತೋಟದ ಅಂಚು. ಬೆಳಗಿನ ಆರೂವರೆ. ಸಂದರ್ಶನಕ್ಕೆ ಒಪ್ಪಿಕೊಂಡವರು ಆಗಲೇ ಬಂದು ಬೈನೆ ಮರವೊಂದನ್ನು ಉರುಳಿಸಿಕೊಂಡು, ತಿರುಳು ಸೀಳಿ ಸೀಳಿ ಬಾಯಿಗಿಡುತ್ತಿದ್ದರು. ಪತ್ರಿಕೆಯ ವರದಿಗಾರ ಜೀಪಿನ ಎಂಜಿನ್ ಆರಿಸದೆ, ಗೇರನ್ನು ರಿವರ್ಸ್‌ನಲ್ಲೇ ಇಟ್ಟುಕೊಂಡು, ಕಿಟಕಿಯಿಂದ ತಲೆ ಹಾಕಿ ನಮಸ್ಕಾರ ಹೇಳಿದ.

“ತಮ್ಮ ಹೆಸರು, ರಾಯರೇ?”

“ಬರೀಬೇಡ ಮಾರಾಯ. ಈ ಕಡೆ ಹೆಸರು ಬಿತ್ತು ಅಂದ್ರೆ ಹಿಂದೇನೇ ಕುತ್ತಿಗೆಗೆ ರೇಡಿಯೊ ಕಾಲರ್ ಬೀಳುತ್ತೆ. ಭೀಮ, ಕ್ಯಾಪ್ಟನ್ ಅಂತ ಹೆಸರು ಮಾಡಿದವರ ಪಾಡು ನೋಡಿದೀಯಲ್ಲ, ಲದ್ದಿ ಹಾಕಿದರೂ ವಿಡಿಯೊ. ಒಂಟಿ ಸಲಗ ಅಂತ ಹಾಕು, ಸಾಕು.”

ವಿಷಯ ಇಷ್ಟು. ಈ ಸಲಗವನ್ನು ನಾಯಕನನ್ನಾಗಿಸಿ ಮಕ್ಕಳಿಗೊಂದು ಹಾಡು-ಕುಣಿತದ ಕಾರ್ಟೂನ್ ಸಿನಿಮಾ ಮಾಡಬೇಕೆಂದು ಬೆಂಗಳೂರಿನ ನಿರ್ಮಾಪಕರೊಬ್ಬರಿಗೆ ಮನಸ್ಸಾಗಿದೆ. ಚಿತ್ರಕಥೆಯ ಜೆರಾಕ್ಸ್ ಪ್ರತಿ ತೋಟದ ರೈಟರ ಮೇಜಿನ ಮೇಲಿತ್ತು; ರಾತ್ರಿ ಕಿಟಕಿಯಿಂದ ಸೊಂಡಿಲು ಬಂದು ಒಯ್ದಿತು. ಇಂಟರ್ವಲ್‌ವರೆಗೆ ಓದಿದ್ದಾಗಿದೆ. ಉಳಿದದ್ದು ಹಲಸಿನ ಹಣ್ಣಿನ ಜೊತೆ ಹೊಟ್ಟೆಗೆ ಹೋಗಿದೆ.

“ಹೇಗಿದೆ ಕಥೆ?”

“ಕಣ್ಣು ನೀಲಿ ಮಾಡಿದಾರೆ. ಹೋಗಲಿ. ಸೋಲಾರ್ ಬೇಲಿ ಹತ್ರ ಬಂದು ನಾನು ತಂತೀನ ವೀಣೆ ಥರ ಮೀಟ್ತೀನಂತೆ, ಬೇಲಿ ಸ್ವರ ಹೊರಡಿಸುತ್ತಂತೆ, ಅಳಿಲುಗಳು ತಾಳ ಹಾಕ್ತಾವಂತೆ. ಆ ತಂತಿ ಮೀಟಿದವನು ನಾನು. ಅದು ಹೊರಡಿಸೋ ಸ್ವರ ಒಂದೇ, ಅದೂ ನನ್ನ ಬಾಯಿಂದ.”

ಹಳೆಯ ಭಯಾನಕ ಚಿತ್ರಗಳು ಮಕ್ಕಳ ಗೀತನಾಟಕವಾಗುವುದು ಹೊಸ ಸಂಗತಿಯಲ್ಲ ಎಂದು ವರದಿಗಾರ ಸಮಾಧಾನ ಹೇಳಲು ಹೊರಟ. 1933ರ ‘ಕಿಂಗ್ ಕಾಂಗ್’ 1998ರಲ್ಲಿ ‘ದಿ ಮೈಟಿ ಕಾಂಗ್’ ಎಂಬ ಕಾರ್ಟೂನ್ ಆಯಿತು. ಮೂಲದಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಿಂದ ಬಿದ್ದು ಸತ್ತ ದೈತ್ಯ ವಾನರ, ಹಾಡಿನ ಆವೃತ್ತಿಯಲ್ಲಿ ಬಿದ್ದರೂ ಬದುಕಿಕೊಂಡ. ಮಕ್ಕಳು ಅಳಬಾರದಲ್ಲ.

ಸಲಗ ಕಿವಿ ಬೀಸಿತು. ವರದಿಗಾರನ ಕಾಲು ತಾನಾಗಿ ಕ್ಲಚ್ ಮೇಲೆ ಹೋಯಿತು.

“ಕಾಂಗ್ ನಿಜವಾಗಿ ಎಷ್ಟು ಎತ್ತರ ಗೊತ್ತಾ? ಒಂದೂವರೆ ಅಡಿ ಗೊಂಬೆ. ಮೈಗೆ ಮೊಲದ ತುಪ್ಪಳ. ವಿಲ್ಲಿಸ್ ಓಬ್ರಿಯನ್ ಅನ್ನೋನು ಒಂದೊಂದು ಚೌಕಟ್ಟಿಗೂ ಅದನ್ನ ಕೂದಲೆಳೆಯಷ್ಟು ಕದಲಿಸಿ ಚಿತ್ರ ತೆಗೆದ. ಬೆರಳು ತಾಗಿದ ಕಡೆಯೆಲ್ಲ ತುಪ್ಪಳ ಅಲುಗಿ, ಜನ ಅದನ್ನ ರೋಷ ಅಂದ್ಕೊಂಡ್ರು. ಅವನ ಗರ್ಜನೆ ಸಿಂಹ, ಹುಲಿ ಕೂಗನ್ನ ತಿರುವುಮುರುವು ಓಡಿಸಿ ಮಾಡಿದ್ದು. ನಾನು ಒಂಬತ್ತಡಿ ಇದೀನಿ, ನನ್ನದು ನನ್ನದೇ ಗಂಟಲು. ಅದೂ ಬಿಡು, ಕಾಂಗ್‌ಗಿಂತ ಮುಂಚೆ ಅದನ್ನ ಮಾಡಿದವರ ಚಿತ್ರದಲ್ಲಿ ವೇಷ ಕಟ್ಟಿದ್ದು ನಮ್ಮವರು.”

ಇದು ಸುಮ್ಮನೆ ಜಂಬವಲ್ಲ. ‘ಕಿಂಗ್ ಕಾಂಗ್’ ಮಾಡಿದ ಮೇರಿಯನ್ ಕೂಪರ್ ಮತ್ತು ಅರ್ನೆಸ್ಟ್ ಷೋಡ್‌ಸ್ಯಾಕ್ ಜೋಡಿ ಅದಕ್ಕೆ ಆರು ವರ್ಷ ಮೊದಲು, 1927ರಲ್ಲಿ, ಸಿಯಾಮ್ ದೇಶದ ಕಾಡಿನಲ್ಲಿ ‘ಚಾಂಗ್’ ಎಂಬ ಮೂಕಿ ಚಿತ್ರ ತೆಗೆದಿದ್ದರು. ಥಾಯ್ ಭಾಷೆಯಲ್ಲಿ ಚಾಂಗ್ ಎಂದರೆ ಆನೆ. ಕಾಡು ಕಡಿದು ಬೇಸಾಯ ಮಾಡುವ ಸಂಸಾರವೊಂದು ಗುಂಡಿಗೆ ಬಿದ್ದ ಆನೆಮರಿಯನ್ನು ಹಿಡಿದು ಮನೆಯಡಿ ಕಟ್ಟಿಹಾಕುತ್ತದೆ. ತಾಯಿ ಬಂದು ಮನೆ ಕೆಡವಿ ಮರಿಯನ್ನು ಬಿಡಿಸಿಕೊಂಡು ಹೋಗುತ್ತದೆ. ಆಮೇಲೆ ಹಿಂಡು ನುಗ್ಗಿ ಊರೇ ನೆಲಸಮ.

“ಅಲ್ಲಿ ತಾಯಿ ಯಾಕೆ ಬಂದಳು ಅಂತ ಪರದೆ ಮೇಲೇ ಇತ್ತು,” ಎಂದಿತು ಸಲಗ. “ಹಾಡು ಬಂದ ಮೇಲೆ ಆ ‘ಯಾಕೆ’ ಹೋಯ್ತು. ನಮ್ಮ ಹಾತಿಯ ಕಥೆ ಕೇಳಿಲ್ವಾ?”

ಹಾತಿ ಕಿಪ್ಲಿಂಗನ ‘ಜಂಗಲ್ ಬುಕ್’ನ ಆನೆ. ಪುಸ್ತಕದಲ್ಲಿ ಅದು ಗುಂಡಿಗೆ ಬಿದ್ದು, ಚೂಪಾದ ಗೂಟ ಹೊಕ್ಕು, ಮೈಮೇಲೆ ಉದ್ದದ ಗಾಯದ ಗುರುತು ಹೊತ್ತ ಪ್ರಾಣಿ. ಆ ನೋವಿಗೆ ಭರತಪುರದ ಹೊಲಗಳಿಗೆ ಕಾಡನ್ನೇ ನುಗ್ಗಿಸಿದ ಹಿರಿಯ. 1967ರ ಡಿಸ್ನಿ ಕಾರ್ಟೂನಿನಲ್ಲಿ ಅದೇ ಹಾತಿ ಮರೆಗುಳಿ ಕರ್ನಲ್. ಹೆಂಡತಿಯಿಂದ ಬೈಸಿಕೊಳ್ಳುತ್ತ, ಹಿಂಡಿಗೆ ಕವಾಯತು ಮಾಡಿಸುತ್ತ ಹಾಡುತ್ತಾನೆ. ಆ ಕವಾಯತಿನ ಹಾಡು ಬರೆದ ಶರ್ಮನ್ ಸಹೋದರರೇ ಮೂವತ್ತೊಂದು ವರ್ಷದ ನಂತರ ಮೈಟಿ ಕಾಂಗ್‌ಗೂ ಹಾಡು ಕಟ್ಟಿದರು. ಮೃಗಗಳನ್ನು ಪಳಗಿಸುವುದರಲ್ಲಿ ಮಾವುತರಿಗೂ ಇಷ್ಟು ಕೈ ಕುದುರಿರಲಿಲ್ಲ.

ಹಾಗೆಂದು ಮಾವುತರಿಗೂ ಸಿನಿಮಾಕ್ಕೂ ನಂಟಿಲ್ಲವೆಂದಲ್ಲ. ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದ ಮಾವುತನ ಮಗ ಸಾಬು, ಮೈಸೂರು ಕಾಡಿನಲ್ಲಿ ತೆಗೆದ ‘ಎಲಿಫೆಂಟ್ ಬಾಯ್’ (1937) ಚಿತ್ರದಿಂದ ಹಾಲಿವುಡ್‌ವರೆಗೆ ಹೋಗಿ 1942ರಲ್ಲಿ ‘ಜಂಗಲ್ ಬುಕ್’ ಚಿತ್ರದ ಮೌಗ್ಲಿಯಾದ. ಅವನ ಹೆಸರೆತ್ತಿದಾಗ ಸಲಗ, “ಹುಡುಗ ಒಳ್ಳೆಯವನೇ,” ಎಂದಷ್ಟೇ ಹೇಳಿ ಬೈನೆಯ ಕಡೆ ತಿರುಗಿತು.

ಚಿತ್ರಕಥೆಯಲ್ಲಿ ಇನ್ನೇನು ಬಿಟ್ಟುಹೋಗಿದೆ ಎಂದು ವರದಿಗಾರ ಕೇಳಿದ.

“ಕಾಫಿ ಗಿಡಾನೇ ಇಲ್ಲ! ಬರೀ ಹಸಿರು ಹುಲ್ಲು, ಅಣಬೆ. ಗೊರೂರಲ್ಲಿ ಹೇಮಾವತಿಗೆ ಕಟ್ಟೆ ಕಟ್ಟಿದ್ದಿಲ್ಲ, ಹಿನ್ನೀರಿಲ್ಲ. ಕೊಡಗಿನ ಗಡಿಯಿಂದ ನಾವು ಬರೋ ದಾರಿ ಇಲ್ಲ. 2012ರಲ್ಲಿ ಹೈಕೋರ್ಟಿಗೆ ಕೊಟ್ಟ ಆನೆ ಕಾರ್ಯಪಡೆಯ ವರದಿ ಈ ಸೀಮೆಯಿಂದ ಆನೆಗಳನ್ನೇ ತೆಗೆದುಬಿಡಿ ಅಂತು, 2014ರಲ್ಲಿ ನಮ್ಮವರು 22 ಜನ ಸೆರೆಯಾದ್ರು. ಅದನ್ನೂ ಹಾಡಲ್ಲೇ ಹೇಳಲಿ ನೋಡೋಣ. ಇಪ್ಪತ್ತೆರಡಕ್ಕೆ ಪ್ರಾಸ ಸಿಕ್ಕುತ್ತಾ?”

ಅದಕ್ಕೆ ವರದಿಗಾರನಲ್ಲಿ ಉತ್ತರವಿರಲಿಲ್ಲ. ಆದರೆ ಅವನೂ ಈ ಕಡೆಯವನೇ. ಕಾಫಿ ಕುಯ್ಲಿಗೆ ಹೋದ ಹೆಂಗಸರು, ನಸುಕಿನಲ್ಲಿ ಕೆಲಸಕ್ಕೆ ಹೊರಟ ಗಂಡಸರು ಆಲೂರು, ಸಕಲೇಶಪುರ, ಬೇಲೂರು ಭಾಗದಲ್ಲಿ ಆನೆಗೆ ಸಿಕ್ಕು ಸತ್ತಿದ್ದಾರೆ. ಗದ್ದೆ ತುಳಿದು ಹೋದ ಮೇಲೆ ಪರಿಹಾರದ ಅರ್ಜಿ ಹಿಡಿದು ಅಲೆದವರಿದ್ದಾರೆ. ಅದನ್ನೂ ಕೇಳಿದ, ಸ್ವಲ್ಪ ದನಿ ತಗ್ಗಿಸಿ.

ಬೈನೆ ಸೀಳುವ ಸದ್ದು ನಿಂತಿತು.

“ಆ ಜಾಗಕ್ಕೂ ಒಂದು ಹಾಡು ಹಾಕಿದಾರೆ,” ಎಂದಿತು ಸಲಗ ತುಸು ಹೊತ್ತಿನ ಮೇಲೆ. “ಬೇಡ ಅಂತ ಹೇಳು. ಅಲ್ಲಿ ಹಾಡು ಬೇಡ.”

ಇನ್ನೊಂದು ತಕರಾರು ಸಾಕಾನೆಯ ಪಾತ್ರದ ಬಗ್ಗೆ. ಚಿತ್ರದಲ್ಲಿ ಕಾಡಾನೆ ಹಿಡಿಯಲು ಬಂದ ಸಾಕಾನೆಗೂ ನಾಯಕನಿಗೂ ಜುಗಲ್‌ಬಂದಿ ನಡೆಯುತ್ತದೆ, ಆಮೇಲೆ ಇಬ್ಬರೂ ತಬ್ಬಿಕೊಳ್ಳುತ್ತಾರೆ. ನಡೆದದ್ದು ಬೇರೆ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕ ಸಾಕಾನೆ ಅರ್ಜುನ 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾರ್ಯಾಚರಣೆ ನಡೆದಾಗ ಮದವೇರಿದ ಕಾಡು ಸಲಗದೊಡನೆ ಕಾದಾಡುತ್ತ ಸತ್ತ. 750 ಕಿಲೋ ಅಂಬಾರಿಗೆ ಬಗ್ಗದ ಬೆನ್ನು ಅದು.

“ಅವನೂ ಕಾಡಲ್ಲೇ ಹುಟ್ಟಿದವನು. ತಬ್ಬಿಕೊಂಡ್ರಂತೆ!” ಎಂದು ಸಲಗ ಮೂಗಿನಿಂದ ಗಾಳಿ ಬಿಟ್ಟಿತು. ಜೀಪಿನ ಗಾಜಿಗೆ ಧೂಳು ಮೆತ್ತಿತು.

“ಹಾಗಾದರೆ ಒಪ್ಪಿಗೆ ಇಲ್ಲ?”

“ಇಲ್ಲ ಅಂದ್ನಾ? ಸಂಭಾವನೆ ಹಲಸಿನಲ್ಲಾದ್ರೆ ಮಾತಾಡೋಣ. ಕಥೆ ಕೊನೆಗೆ ನಾನು ಬೀಳ್ತೀನಾ, ಉಳೀತೀನಾ? ಆ ಹಾಳೆ ತಿಂದುಬಿಟ್ಟೆ.”

ಅಷ್ಟರಲ್ಲಿ ವರದಿಗಾರನ ಮೊಬೈಲ್ ಗುಂಯ್‌ಗುಟ್ಟಿತು. ಎಚ್ಚರಿಕೆಯ ಎಸ್ಸೆಮ್ಮೆಸ್: ಕುಂದೂರು ಸುತ್ತಮುತ್ತ ಒಂಟಿ ಸಲಗ ಇದೆ, ಯಾರೂ ಒಂಟಿಯಾಗಿ ಓಡಾಡಬಾರದು. ಅವನು ಓದಿ ಹೇಳಿದ. “ನೋಡು, ಇದರಲ್ಲಿ ಪಾತ್ರಪರಿಚಯ ಸರಿಯಾಗಿದೆ,” ಎಂದು ಸಲಗ ಮೆಚ್ಚಿಕೊಂಡಿತು.

ಇಳಿಜಾರಿನ ಲೈನ್ ಮನೆಗೂ ಅದೇ ಸಂದೇಶ ಹೋಗಿರಬೇಕು. ಜಗುಲಿಯಲ್ಲಿ ಮಗುವೊಂದು ಮೊಬೈಲಿನಲ್ಲಿ ಆನೆಯ ಶಿಶುಗೀತೆ ನೋಡುತ್ತ ಕೂತಿತ್ತು. ತಾಯಿ ಓಡಿಬಂದು ಮೊಬೈಲಿನ ಸಮೇತ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಅಗುಳಿ ಹಾಕಿದಳು. ಬಾಗಿಲಾಚೆಯಿಂದ ಹಾಡು ಸಣ್ಣಗೆ ಕೇಳುತ್ತಲೇ ಇತ್ತು.

ಸಲಗ ಕಿವಿ ಅಗಲಿಸಿ ಒಂದು ಚರಣ ಪೂರ್ತಿ ಕೇಳಿತು. “ಶ್ರುತಿ ಪರವಾಗಿಲ್ಲ,” ಎಂದು, ಉಳಿದ ಬೈನೆಯನ್ನು ಸೊಂಡಿಲಿಗೆ ಸಿಕ್ಕಿಸಿಕೊಂಡು ಮೆಣಸಿನ ಬಳ್ಳಿಗಳ ನಡುವೆ ಇಳಿಯಿತು. ವರದಿಗಾರ ರಿವರ್ಸ್‌ನಲ್ಲೇ ಡಾಂಬರು ರಸ್ತೆ ಮುಟ್ಟಿದ.