ವಿದ್ಯಾರ್ಥಿವೇತನ ಮೀಮಾಂಸೆ: ಅಧಿಕಾರಿ, ಪ್ರಮಾಣ ಮತ್ತು ಫಲವಿಚಾರ

ಹತ್ತನೆಯ ತರಗತಿ ದಾಟಿ ಕಾಲೇಜು ಸೇರುವ ವಿದ್ಯಾರ್ಥಿಗೆ ಸರ್ಕಾರವಾಗಲಿ, ದತ್ತಿಸಂಸ್ಥೆಯಾಗಲಿ, ಜಾತಿಸಂಘವಾಗಲಿ ಕೊಡುವ, ಕೊಡುವುದಾಗಿ ಪ್ರಕಟಿಸುವ ಅಥವಾ ಈಗಾಗಲೇ ಕೊಟ್ಟಾಗಿದೆಯೆಂದು ಪರದೆಯ ಮೇಲೆ ತೋರಿಸುವ ಧನಕ್ಕೆ ವಿದ್ಯಾರ್ಥಿವೇತನವೆಂದು ಹೆಸರು. ತರ್ಕಶಾಸ್ತ್ರದ ಪ್ರಕಾರ ಯಾವುದೇ ಲಕ್ಷಣವಾಕ್ಯಕ್ಕೆ ಮೂರು ದೋಷಗಳು ತಟ್ಟಬಹುದು: ಹೇಳಬೇಕಾದ ವಸ್ತುವಿನ ಒಂದು ಭಾಗವನ್ನು ಬಿಟ್ಟರೆ ಅವ್ಯಾಪ್ತಿ, ಅದರಾಚೆಯದನ್ನೂ ಒಳಗೆಳೆದುಕೊಂಡರೆ ಅತಿವ್ಯಾಪ್ತಿ, ವಸ್ತುವಿನಲ್ಲಿ ಎಲ್ಲಿಯೂ ಕಾಣದ ಗುಣವನ್ನು ಹೇಳಿದರೆ ಅಸಂಭವ. ಮೇಲಿನ ಲಕ್ಷಣ ಮೊದಲೆರಡು ದೋಷಗಳಿಂದ ಮುಕ್ತವಾಗಿದೆ; ಮೂರನೆಯದರ ವಿಷಯದಲ್ಲಿ ಮಾತ್ರ, ಮಾರ್ಚ್ ಕಳೆದರೂ ಖಾತೆಗೆ ಏನೂ ಜಮೆಯಾಗದ ಪಂಗಡದವರದು ಭಿನ್ನಮತ.

ವಿಷಯದ ಪ್ರಾಚೀನತೆ ಶಾಸನಸಿದ್ಧವಾದುದು. ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಸಾಲೋಟಗಿಯ ಸ್ತಂಭಶಾಸನ ಕ್ರಿ.ಶ. 945ರದು, ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನೆಂಬವನು ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದನೆಂದೂ, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು ಬೇಕಾದುವೆಂದೂ, ದೀಪದ ಖರ್ಚಿಗೆ ಬೇರೆಯೇ ಹೊಲ ಬಿಡಲಾಯಿತೆಂದೂ, ಊರವರು ಮದುವೆ ಮುಂಜಿಗಳಲ್ಲಿ ಇಂತಿಷ್ಟು ಕಾಣಿಕೆ ಸಲ್ಲಿಸಬೇಕೆಂದೂ ಅದು ಹೇಳುತ್ತದೆ. ಇಷ್ಟನ್ನೆಲ್ಲ ಕೂಲಂಕಷವಾಗಿ ಕೆತ್ತಿಸಿದವರು ಆ ವಿದ್ಯಾರ್ಥಿಗಳು ಯಾವ ಯಾವ ದಾಖಲೆಗಳ ಜೆರಾಕ್ಸ್ ತಂದಿದ್ದರೆಂಬುದನ್ನು ಮಾತ್ರ ಕೆತ್ತಿಸದೆ ಬಿಟ್ಟಿರುವುದು ಸಂಶೋಧನೆಗೆ ಒದಗಿದ ದೊಡ್ಡ ತೊಡಕು. ತಾಳಗುಂದದ ಶಾಸನದಲ್ಲಿಯೂ ಇದೇ ಕೊರತೆ: ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ, ಎಂದರೆ ಉನ್ನತ ವಿದ್ಯಾಕೇಂದ್ರಕ್ಕೆ, ಹೋದ ಮಯೂರಶರ್ಮ ಪಲ್ಲವರ ಅಶ್ವಾರೋಹಿಯೊಡನೆ ಜಗಳವಾಗಿ ಓದು ಬಿಟ್ಟು ಕತ್ತಿ ಹಿಡಿದು ರಾಜ್ಯ ಕಟ್ಟಿದುದನ್ನು ಅದು ತಿಳಿಸುತ್ತದೆಯೇ ಹೊರತು, ಅವನ ಶುಲ್ಕ ಮರುಪಾವತಿಯ ಗತಿಯೇನಾಯಿತೆಂಬುದನ್ನು ತಿಳಿಸುವುದಿಲ್ಲ. ವ್ಯಾಸಂಗ ನಿಂತರೆ ರಾಜ್ಯ ಕಟ್ಟಬಹುದೆಂಬ ಪರ್ಯಾಯ ಆ ಕಾಲದ ವಿದ್ಯಾರ್ಥಿಗಿತ್ತೆಂಬುದಷ್ಟೇ ಇಲ್ಲಿ ಗಮನಾರ್ಹ.

ಕಳೆದ ಶತಮಾನದ ಮೊದಲ ಭಾಗದಲ್ಲಿ ವಾರಾನ್ನ ಪದ್ಧತಿ, ಅಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುವ ಏರ್ಪಾಡು, ಪಟ್ಟಣಗಳಲ್ಲಿ ಚಾಲ್ತಿಯಲ್ಲಿತ್ತು. ಅದಕ್ಕೆ ಅರ್ಜಿಯಿರಲಿಲ್ಲವೆಂದು ಹಳಬರು ಹಾಡಿ ಹೊಗಳುವುದುಂಟು. ಆದರೆ ಅರ್ಜಿಯಿಲ್ಲದ ಆ ಬಾಗಿಲುಗಳು ತೆರೆಯುತ್ತಿದ್ದುದು ಕೆಲವೇ ಜಾತಿಗಳ ಹುಡುಗರಿಗೆ, ಮತ್ತು ಹುಡುಗರಿಗೆ ಮಾತ್ರ, ಎಂಬುದನ್ನು ಅಣಕದ ನಡುವೆಯೂ ಮರೆಯುವಂತಿಲ್ಲ. 1918ರಲ್ಲಿ ಮೈಸೂರು ಸಂಸ್ಥಾನ ಹಿಂದುಳಿದ ವರ್ಗಗಳ ವಿಚಾರಕ್ಕೆ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದ್ದು, 1944ರಲ್ಲಿ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭವಾದದ್ದು ಆ ಮುಚ್ಚಿದ ಬಾಗಿಲುಗಳ ಕಾರಣದಿಂದಲೇ. ಆದಕಾರಣ ಅರ್ಜಿಯೆಂಬುದು ನಿಂದ್ಯವಲ್ಲ. ಅದನ್ನು ತುಂಬುವ ಬಗೆಯೇ ಶಾಸ್ತ್ರಾಧ್ಯಯನಕ್ಕೆ ಯೋಗ್ಯವಾದುದು.

ಶಾಸ್ತ್ರಕ್ಕೆ ಮೊದಲು ಅಧಿಕಾರಿ ಯಾರೆಂದು ಹೇಳಬೇಕು. ವೇದಾಂತದಲ್ಲಿ ಅಧಿಕಾರಿಯೆಂದರೆ ಕಲಿಯಲು ಅರ್ಹತೆ ಪಡೆದವನು, ಆ ಅರ್ಹತೆ ನಾಲ್ಕು ಸಾಧನಗಳಿಂದ ಬರುತ್ತದೆ, ಇಲ್ಲಿಯೂ ಹಾಗೆಯೇ. ರಾಜ್ಯದ ವಿದ್ಯಾರ್ಥಿವೇತನ ಜಾಲತಾಣ ಎಸ್‌ಎಸ್‌ಪಿ ಬೇರೆ, ಕೇಂದ್ರದ ಎನ್‌ಎಸ್‌ಪಿ ಬೇರೆ, ಒಂದರ ಪಾಸ್‌ವರ್ಡ್ ಇನ್ನೊಂದರಲ್ಲಿ ನಡೆಯದೆಂಬ ಜ್ಞಾನವೇ ವಿವೇಕ. ಈ ವರ್ಷದ ಹಣದಿಂದ ಈ ವರ್ಷದ ಪುಸ್ತಕ ಕೊಳ್ಳುವ ಆಸೆಯನ್ನು ತೊರೆಯುವುದೇ ವೈರಾಗ್ಯ. ಸರ್ವರ್ ಡೌನ್ ಆಗಿರುವಾಗ ಕೀಲಿಮಣೆಯನ್ನು ಕುಟ್ಟದೆ ಕುಳಿತಿರುವುದು ಶಮ, ಮರುದಿನ ಮತ್ತೆ ಬರುವುದು ತಿತಿಕ್ಷೆ; ಇವೆರಡೂ ಶಮಾದಿಗಳೆಂಬ ಮೂರನೆಯ ಸಾಧನಕ್ಕೆ ಸೇರಿದವು. ಬಾಕಿ ಶುಲ್ಕ ಕಟ್ಟದೆ ಹಾಲ್ ಟಿಕೆಟ್ ಇಲ್ಲವೆಂಬ ಬಂಧನದಿಂದ ಬಿಡುಗಡೆ ಬಯಸುವುದೇ ಮುಮುಕ್ಷುತ್ವ. ಕೊನೆಯದು ಹೆಚ್ಚಿನವರಲ್ಲಿ ಸಹಜವಾಗಿಯೇ ಇರುತ್ತದೆ.

ಇನ್ನು ಪ್ರಮಾಣ ವಿಚಾರ. ಈ ಶಾಸ್ತ್ರದ ಹೃದಯವಿರುವುದು ಇಲ್ಲಿಯೇ. ಜ್ಞಾನಕ್ಕೆ ಕಣ್ಣಾರೆ ಕಾಣುವ ಪ್ರತ್ಯಕ್ಷ, ಗುರುತಿನಿಂದ ಊಹಿಸುವ ಅನುಮಾನ, ಆಪ್ತವಾಕ್ಯವಾದ ಶಬ್ದ ಮೊದಲಾದ ಮೂಲಗಳನ್ನು ಪ್ರಾಚೀನರು ಒಪ್ಪಿದ್ದರು. ವಿದ್ಯಾರ್ಥಿವೇತನ ದರ್ಶನ ಮೊದಲೆರಡನ್ನು ಖಂಡಿಸುತ್ತದೆ. ವಿದ್ಯಾರ್ಥಿನಿಯ ಮನೆಯ ಶೀಟು ಸೋರುತ್ತಿರುವುದು ಪ್ರತ್ಯಕ್ಷವಾದರೂ ಅದನ್ನು ಅಪ್‌ಲೋಡ್ ಮಾಡಲು ಕಾಲಮ್ ಇಲ್ಲ. ತಂದೆ ಕೂಲಿಗೆ ಹೋಗುವುದರಿಂದ ಆದಾಯ ಕಡಿಮೆಯಿರಬೇಕೆಂಬ ಅನುಮಾನವನ್ನು ತಂತ್ರಾಂಶ ಮಾಡಲಾರದು. ಉಳಿಯುವುದು ಶಬ್ದವೊಂದೇ, ಅದೂ ಗುರುಮುಖದಿಂದ ಬಂದ ಶಬ್ದವಲ್ಲ, ನಾಡಕಚೇರಿಯಿಂದ ಬಂದ, 'ಆರ್‌ಡಿ' ಎಂಬ ಎರಡಕ್ಷರದಿಂದ ಆರಂಭವಾಗುವ ಸಂಖ್ಯೆಯುಳ್ಳ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಗ್ರಾಮ ಆಡಳಿತ ಅಧಿಕಾರಿ ವರದಿ ಕೊಟ್ಟು, ಕಂದಾಯ ನಿರೀಕ್ಷಕರು ಒಪ್ಪಿ, ತಹಶೀಲ್ದಾರರ ಡಿಜಿಟಲ್ ಸಹಿ ಬೀಳುವ ತನಕ ಆ ಕುಟುಂಬ ಬಡ ಕುಟುಂಬವಲ್ಲ. ಬಿದ್ದ ಕ್ಷಣದಿಂದ ಬಡ ಕುಟುಂಬ. ಆದ್ದರಿಂದ ಬಡತನವೆಂಬುದು ಸ್ಥಿತಿಯಲ್ಲ, ದಾಖಲೆ ಎಂಬುದೇ ಈ ದರ್ಶನದ ಸಿದ್ಧಾಂತ. ಪೂರ್ವಪಕ್ಷದವರು, ಎಂದರೆ ಎದುರುವಾದಿಗಳು, ನಿಜವಾಗಿ ಬಡವರಾದವರಿಗೆ ಎರಡು ದಿನದ ಕೂಲಿ ಬಿಟ್ಟು ಹೋಬಳಿ ಕೇಂದ್ರಕ್ಕೆ ಓಡಾಡುವ ಅನುಕೂಲ ಎಲ್ಲಿಂದ ಬರಬೇಕೆಂದು ಕೇಳುತ್ತಾರೆ. ಬಡತನವನ್ನು ಸಾಬೀತುಪಡಿಸಲು ಬೇಕಾಗುವಷ್ಟು ಸ್ಥಿತಿವಂತಿಕೆ ಅರ್ಜಿದಾರರಲ್ಲಿರಬೇಕೆಂಬುದೇ ಇದಕ್ಕೆ ಸಮಾಧಾನ.

ಶಬ್ದಪ್ರಮಾಣದ ಒಳಗೇ ಹುಟ್ಟುವ ಅತ್ಯಂತ ಕಠಿಣ ಸಮಸ್ಯೆ ನಾಮಭೇದದ್ದು. ಒಬ್ಬನೇ ಹುಡುಗ ಅಂಕಪಟ್ಟಿಯಲ್ಲಿ 'ಮಂಜುನಾಥ ಎಚ್.', ಆಧಾರ್‌ನಲ್ಲಿ 'ಎಚ್. ಮಂಜುನಾಥ್', ಪಾಸ್‌ಬುಕ್ಕಿನಲ್ಲಿ 'ಮಂಜುನಾಥ ಹನುಮಂತಪ್ಪ' ಆಗಿರುವುದುಂಟು. ಆತ್ಮ ಒಂದೇ, ಉಪಾಧಿಗಳು ಮಾತ್ರ ಬೇರೆ ಎಂದು ಅದ್ವೈತಿಗಳು ಇದನ್ನು ಸುಲಭವಾಗಿ ಬಗೆಹರಿಸಿಯಾರು. ಆದರೆ ಎಸ್‌ಎಸ್‌ಪಿ ಕಟ್ಟಾ ದ್ವೈತಿ, ಅದರ ಪಾಲಿಗೆ ಇವರು ಮೂವರು ಬೇರೆ ಬೇರೆ ಹುಡುಗರು. ಇನಿಷಿಯಲ್ ಹೆಸರಿನ ಮುಂದಿರಬೇಕೋ ಹಿಂದಿರಬೇಕೋ, ಅದರ ನಂತರ ಚುಕ್ಕಿಯಿರಬೇಕೋ ಬರಿಯ ಜಾಗವಿರಬೇಕೋ, ಆಂಗ್ಲ ಲಿಪಿಯಲ್ಲಿ ಬರೆಯುವಾಗ ಕೊನೆಯಲ್ಲೊಂದು 'ಎ' ಇರಬೇಕೋ ಬೇಡವೋ ಎಂಬ ಪ್ರಶ್ನೆಗಳು ವ್ಯಾಕರಣಕ್ಕೆ ಸೇರಿದವೆಂದು ತಿಳಿದಿದ್ದ ಎಷ್ಟೋ ತಂದೆತಾಯಂದಿರು ಅವು ಅರ್ಥಶಾಸ್ತ್ರಕ್ಕೆ ಸೇರಿದವೆಂದು ಆಧಾರ್ ತಿದ್ದುಪಡಿ ಕೇಂದ್ರದ ಟೋಕನ್ ಸಾಲಿನಲ್ಲಿ ನಿಂತು ಅರಿತಿದ್ದಾರೆ.

ಅರ್ಜಿಯ ಪ್ರಯೋಗಶಾಲೆ ಸೈಬರ್ ಸೆಂಟರ್. ಕಾಲೇಜು ಶುರುವಾದ ಮೇಲೆ ತಾಲ್ಲೂಕು ಕೇಂದ್ರದ ಯಾವುದೇ ಬಸ್ ನಿಲ್ದಾಣದ ಬಳಿ 'ಇಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಲಾಗುವುದು' ಎಂಬ ಫ್ಲೆಕ್ಸ್ ಕಾಣುತ್ತದೆ. ಒಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಪ್ಲಾಸ್ಟಿಕ್ ಫೈಲು ಅವುಚಿಕೊಂಡು ವಿದ್ಯಾರ್ಥಿನಿ ಕುಳಿತಿರುತ್ತಾಳೆ. ಆಧಾರ್ ಸಂಖ್ಯೆ ಹಾಕಿದೊಡನೆ ಓಟಿಪಿ, ಎಂದರೆ ಹತ್ತು ನಿಮಿಷಕ್ಕೆ ಆಯುಷ್ಯ ಮುಗಿಯುವ ಗುಪ್ತಸಂಖ್ಯೆ, ಹೊರಡುತ್ತದೆ. ಅದು ಸೇರುವುದು ತಂದೆಯ ಮೊಬೈಲಿಗೆ. ತಂದೆ ಇರುವುದು ಹೊಲದಲ್ಲಿ. ಆಗ ನಡೆಯುವ ಸಂವಾದ ಶಾಸ್ತ್ರಗ್ರಂಥಗಳ ಗುರುಶಿಷ್ಯ ಸಂವಾದಕ್ಕೆ ಸಮನಾದುದು. "ಅಪ್ಪಾ, ಓಟಿಪಿ ಬಂದೈತಾ ನೋಡಪ್ಪ." "ಏನೋ ನಂಬರ್ ಬಂದೈತೆ ಕಣವ್ವ." "ಬೇಗ ಹೇಳಪ್ಪ, ಟೈಮ್ ಆಯ್ತದೆ." "ಯಾರಿಗೂ ಹೇಳ್ಬೇಡಿ ಅಂತ ಅದ್ರಲ್ಲೇ ಬರ್ದವ್ರಲ್ಲವ್ವ!" ಬ್ಯಾಂಕಿನವರು ವರ್ಷಗಟ್ಟಲೆ ನೀಡಿದ ಎಚ್ಚರಿಕೆಯನ್ನು ಅಕ್ಷರಶಃ ಪಾಲಿಸುವ ಈ ತಂದೆಯ ನಿಷ್ಠೆ ಪ್ರಶಂಸನೀಯವಾದರೂ ಅಷ್ಟರಲ್ಲಿ ಹತ್ತು ನಿಮಿಷ ಕಳೆದಿರುತ್ತದೆ. ಅರ್ಜಿ ಇದನ್ನೂ ದಾಟಿದರೆ ಕಾಲೇಜಿನ ಇ-ದೃಢೀಕರಣ ಅಧಿಕಾರಿಯ ಬಳಿಗೆ ಹೋಗಬೇಕು. ಅವರು ಸಾಮಾನ್ಯವಾಗಿ ಉಪನ್ಯಾಸಕರೇ ಆಗಿದ್ದು, ಪಾಠ, ಚುನಾವಣೆ ಕೆಲಸ, ಗಣತಿ ಇವುಗಳ ನಡುವೆ ಬಿಡುವಾದಾಗ ಮೂಲ ದಾಖಲೆಗಳನ್ನು ನೋಡಿ ಸಂಖ್ಯೆ ಕೊಡುತ್ತಾರೆ.

ಕಾಲತತ್ತ್ವದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಕೊನೆಯ ದಿನಾಂಕಕ್ಕೆ ವಿಸ್ತರಣೆಯೂ, ವಿಸ್ತರಣೆಗೆ ಮರುವಿಸ್ತರಣೆಯೂ ಇರುವುದರಿಂದ ಅದು ಅನಂತವೆಂದು ಕೆಲವರು ವಾದಿಸುತ್ತಾರೆ. ಈ ಮತವನ್ನು ನಂಬಿ ಸುಮ್ಮನಿದ್ದವರ ವರ್ಷವೇ ವಿಸ್ತರಣೆಯಿಲ್ಲದೆ ಮುಗಿಯುತ್ತದೆ.

ಫಲವಿಚಾರದಲ್ಲಿ ಅಂಕಿಗಳೇ ಮಾತಾಡಲಿ. ಎಂಟನೆಯ ತರಗತಿಯಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಗೆದ್ದ ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಒಂಬತ್ತರಿಂದ ದ್ವಿತೀಯ ಪಿಯುಸಿಯವರೆಗೆ ವರ್ಷಕ್ಕೆ ರೂ. 12,000 ಸಲ್ಲುತ್ತದೆ. 2021ರಲ್ಲಿ ಬಂದ ರೈತ ವಿದ್ಯಾನಿಧಿ ರೈತರ ಮಕ್ಕಳಿಗೆ ಪಿಯುಸಿ ಹಂತದಲ್ಲಿ ಹುಡುಗರಿಗೆ ರೂ. 2,500, ಹುಡುಗಿಯರಿಗೆ ರೂ. 3,000 ಎಂದು ನಿಗದಿಮಾಡಿತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳ ಊಟ ವಸತಿಗೆಂದು ವಿದ್ಯಾಸಿರಿ ತಿಂಗಳಿಗೆ ರೂ. 1,500ರಂತೆ ಹತ್ತು ತಿಂಗಳಿಗೆ ಲೆಕ್ಕ ಹಾಕಿ ಆರಂಭವಾಯಿತು. ಅಂದರೆ ಬಾಡಿಗೆಯೂ ಸೇರಿ ದಿನಕ್ಕೆ 50 ರೂಪಾಯಿ, ಉಳಿದೆರಡು ತಿಂಗಳು ವಿದ್ಯಾರ್ಥಿಗೆ ಹಸಿವಾಗುವುದಿಲ್ಲವೆಂಬುದು ಗೃಹೀತ. ಹೀಗೆ ಮಂಜೂರಾದ ಹಣ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಆ ಖಾತೆ ಅರ್ಜಿಯ ಜೊತೆ ಪಾಸ್‌ಬುಕ್ ಕೊಟ್ಟ ಬ್ಯಾಂಕಿನದಾಗಿರದೆ, ಎಂದೋ ಹೊಸ ಸಿಮ್ ಕೊಳ್ಳುವಾಗ ತೆರೆದು ಮರೆತುದಾಗಿರುವುದೂ ಉಂಟು. ಪರದೆಯ ಮೇಲೆ 'ಪಾವತಿ ಯಶಸ್ವಿ' ಎಂದಿದ್ದು ಪಾಸ್‌ಬುಕ್ಕಿನಲ್ಲಿ ಏನೂ ಇಲ್ಲದ ಸ್ಥಿತಿಗೆ ಭಾಟ್ಟ ಮೀಮಾಂಸಕರ ಅನುಪಲಬ್ಧಿಯನ್ನು, ಎಂದರೆ ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವ ಪ್ರಮಾಣವನ್ನು, ಬಳಸಬೇಕಾಗುತ್ತದೆ. ಈ ದರ್ಶನ ಅರ್ಜಿದಾರರಿಗೆ ಬಿಟ್ಟುಕೊಟ್ಟಿರುವ ಪ್ರಮಾಣ ಅದೊಂದೇ.

ಖಾಸಗಿ ದತ್ತಿಗಳ ಮಾರ್ಗ ಬೇರೆ. ಅವುಗಳಲ್ಲಿ ಕೆಲವು ನಿಜಕ್ಕೂ ಉದಾರವಾದವು: ಸರೋಜಿನಿ ದಾಮೋದರನ್ ಪ್ರತಿಷ್ಠಾನದ ವಿದ್ಯಾಧನ್ ಎಸ್‌ಎಸ್‌ಎಲ್‌ಸಿ ಮುಗಿಸಿದ ಬಡ ಪ್ರತಿಭಾವಂತರಿಗೆ ನೆರವಾಗುತ್ತದೆ, ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ಸರ್ಕಾರಿ ಶಾಲೆಗಳಲ್ಲಿ ಓದಿ ಪದವಿ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ ರೂ. 30,000 ಕೊಡುತ್ತದೆ. ಆದರೆ ಈ ಮಾರ್ಗದಲ್ಲಿ ಕೆಲವೆಡೆ ಪ್ರಬಂಧವೊಂದನ್ನು ಬರೆಯಬೇಕಾಗಿ ಬರುತ್ತದೆ; ಹತ್ತು ವರ್ಷ 'ನಮ್ಮ ರಾಷ್ಟ್ರಪಕ್ಷಿ' ಬರೆದು ಪಳಗಿದ ಕೈ, ತನ್ನ ಮನೆಯ ಕಷ್ಟವನ್ನು ಪದಮಿತಿ ಮೀರದೆ, ಅತ್ತಂತೆ ಕಾಣದೆ, ನಕ್ಕಂತೆಯೂ ಕಾಣದೆ, ಕೊನೆಗೊಂದು ಆಶಾಕಿರಣ ಸಮೇತ ಬರೆಯಬೇಕು. ಜಾತಿಸಂಘಗಳ ಪ್ರತಿಭಾ ಪುರಸ್ಕಾರಕ್ಕೆ ಪ್ರಬಂಧ ಬೇಡ. ಬೆಳಿಗ್ಗೆ ಹತ್ತಕ್ಕೆಂದು ಹೇಳಿದ ಸಭೆ ಹನ್ನೆರಡಕ್ಕೆ ಆರಂಭವಾಗಿ, ವೇದಿಕೆಯ ಮೇಲಿನ ಪ್ರತಿಯೊಬ್ಬ ಗಣ್ಯರೂ 'ಎರಡೇ ಮಾತು' ಆಡಿ ಮುಗಿಸುವ ತನಕ ಕುಳಿತಿದ್ದರೆ ಕವರೊಂದು ಕೈಸೇರುತ್ತದೆ. ಎಲ್ಲ ಮಾರ್ಗಗಳನ್ನೂ ತೂಗಿನೋಡಿದರೆ, ಅಲೆದಾಟವಿಲ್ಲದೆ ಅದೇ ದಿನ ಫಲ ಕೊಡುವುದು ಇದೊಂದೇ, ಮೇಲಾಗಿ ಊಟವೂ ಉಂಟು.

ಸಂಪ್ರದಾಯದಂತೆ ಇನ್ನು ಫಲಶ್ರುತಿ. ಈ ಪ್ರಬಂಧವನ್ನು ನಿತ್ಯ ಪಠಿಸಿದವರಿಗೆ ಹಣ ಬರುತ್ತದೆಂದು ಹೇಳಲಾಗದು. ಆದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ನೋಂದಾಯಿಸಿಕೊಳ್ಳುವ ಮೊದಲೇ ಶಾಲೆಯ ದಾಖಲೆಯ ಹೆಸರನ್ನೂ ಆಧಾರ್‌ನ ಹೆಸರನ್ನೂ ಅಕ್ಕಪಕ್ಕ ಇಟ್ಟು ಅಕ್ಷರಕ್ಕಕ್ಷರ ಓದಿ ಸರಿಪಡಿಸಿಕೊಂಡು, ಬೇಸಿಗೆ ರಜೆಯಲ್ಲಿಯೇ ಆದಾಯ ಪ್ರಮಾಣಪತ್ರ ಮಾಡಿಸಿ, ಆಧಾರ್ ತನ್ನ ಖಾತೆಗೇ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ ಖಚಿತಪಡಿಸಿಕೊಂಡು, ಓಟಿಪಿ ಬಂದರೆ ಮಗಳಿಗೆ ಹೇಳಬಹುದೆಂದು ತಂದೆಗೆ ಮೊದಲೇ ತಿಳಿಸಿಟ್ಟವರು ಮೇಲೆ ಹೇಳಿದ ಅಲೆದಾಟದಲ್ಲಿ ಬಹುಪಾಲನ್ನು ತಪ್ಪಿಸಿಕೊಳ್ಳುತ್ತಾರೆ. ಎಸ್‌ಎಸ್‌ಪಿಯಲ್ಲಾಗಲಿ ಎನ್‌ಎಸ್‌ಪಿಯಲ್ಲಾಗಲಿ ಅರ್ಜಿ ಸಲ್ಲಿಸಲು ಸರ್ಕಾರಕ್ಕೆ ಕಟ್ಟಬೇಕಾದ ಶುಲ್ಕ ಏನೂ ಇಲ್ಲ.